ಕೂಗಿದರೆ ತಪ್ಪೇನು?

ಮಗಳು ಆರನೇ ತಿಂಗಳಲ್ಲಿ ಬೆಂಗಳೂರಿನಿಂದ ಫೋನ್ ಮಾಡಿ, "ಅಮ್ಮಾ, ಹಿಪ್ನೋಬರ್ತಿಂಗ್ ಕ್ಲಾಸಿಗೆ ಸೇರಿದ್ದೀನಿ" ಎಂದಾಗ ನನಗೆ ನಗು ಬಂತು. ಹಿಪ್ನಾಟಿಸಂ ಎಂದರೆ ಜಾದೂಗಾರ ವೇದಿಕೆಯ ಮೇಲೆ ಜನರನ್ನು ಮಲಗಿಸುವುದು ಎಂದಷ್ಟೇ ತಿಳಿದಿದ್ದೆ. "ಹೆರಿಗೆ ಹೊತ್ತಿನಲ್ಲಿ ನಿನಗೆ ಮಂಕುಬೂದಿ ಎರಚುತ್ತಾರೇನೇ?" ಎಂದು ಕೇಳಿದೆ.

ಸೀಮಂತದ ನಂತರ ಅವಳನ್ನು ಕರೆತರಲು ಹೋದಾಗ ಒಂದು ದಿನ ನಾನೂ ಆ ಕ್ಲಾಸಿನಲ್ಲಿ ಕುಳಿತೆ. ಅಲ್ಲಿ ಮಂಕುಬೂದಿ ಏನೂ ಇರಲಿಲ್ಲ. ಬಸುರಿಯರು ಮಗ್ಗುಲಾಗಿ ಮಲಗಿ ನಿಧಾನವಾಗಿ ಉಸಿರೆಳೆದು, ಇನ್ನೂ ನಿಧಾನವಾಗಿ ಬಿಡುತ್ತಿದ್ದರು. ಹಣೆ, ದವಡೆ, ಭುಜ ಎಂದು ಒಂದೊಂದೇ ಅಂಗವನ್ನು ಸಡಿಲಬಿಡುತ್ತಿದ್ದರು. ಗಂಡಂದಿರು ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಸಮಾಧಾನದ ಮಾತು ಓದುತ್ತಿದ್ದರು. ಎಚ್ಚರವೇನೂ ತಪ್ಪುವುದಿಲ್ಲ. ಕಾದಂಬರಿ ಓದುತ್ತಾ ಒಲೆಯ ಮೇಲಿನ ಹಾಲು ಮರೆಯುತ್ತೇವಲ್ಲ, ಅಂಥ ಸ್ಥಿತಿ. ನೋವು ಎಂಬ ಮಾತನ್ನು ಅಲ್ಲಿ ಆಡುವುದಿಲ್ಲ, "ಅಲೆ" ಎನ್ನುತ್ತಾರೆ.

ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಬರೆದಿದ್ದರು. ಅದರ ಆಧಾರದ ಮೇಲೆ ಅಮೆರಿಕದ ಮೇರಿ ಮೊಂಗನ್ ಈ ಪಾಠಕ್ರಮ ಕಟ್ಟಿದರು. 2016ರಲ್ಲಿ ಕಾಕ್ರೇನ್ ಸಂಸ್ಥೆ ಹೆರಿಗೆಯ ಹಿಪ್ನಾಸಿಸ್ ಕುರಿತ 9 ಅಧ್ಯಯನಗಳನ್ನು, ಅಂದರೆ 2,954 ಹೆಂಗಸರ ಅನುಭವವನ್ನು ಒಟ್ಟಿಗೆ ಪರಿಶೀಲಿಸಿತು. ನೋವಿನ ಔಷಧಿ ಸ್ವಲ್ಪ ಕಡಿಮೆ ಸಾಕಾಗಬಹುದು ಎಂದು ಕಂಡಿತು. ಸಹಜ ಹೆರಿಗೆ ಹೆಚ್ಚುತ್ತದೆ ಎಂಬುದಕ್ಕೆ ಮಾತ್ರ ಸ್ಪಷ್ಟ ಆಧಾರ ಸಿಗಲಿಲ್ಲ. ನೆರವು ಉಂಟು, ಭರವಸೆ ಇಲ್ಲ.

ಮಗಳಿಗೆ ನೋವು ಶುರುವಾದಾಗ ಕೆಲವು ಗಂಟೆ ಆ ಉಸಿರಾಟ ನಿಜಕ್ಕೂ ಕೈಹಿಡಿಯಿತು. ಆಮೇಲೆ ಕೂಗಿದಳು, ಚೆನ್ನಾಗಿಯೇ ಕೂಗಿದಳು. ಮಗುವಿನ ಎದೆಬಡಿತ ಇಳಿಯಿತೆಂದು ಕೊನೆಗೆ ಸಿಸೇರಿಯನ್ ಮಾಡಿದರು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಮೂರನೇ ದಿನ ಅವಳು ಗೋಡೆ ಕಡೆ ಮುಖಮಾಡಿ, "ನಾನು ಸೋತುಬಿಟ್ಟೆ ಅಮ್ಮಾ. ನೀನು ಒಂದು ಸಲವೂ ಕೂಗಿರಲಿಲ್ಲವಂತೆ" ಎಂದಳು.

ಆ ಮಾತು ನನ್ನದೇ. ವರ್ಷಾನುಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ. ನಿಜ ಬೇರೆಯೇ ಇತ್ತು. ಅವಳು ಹುಟ್ಟಿದ ರಾತ್ರಿ ಪಕ್ಕದ ಮಂಚದ ಹೆಂಗಸು ಕೂಗಿಕೊಂಡಾಗ ಆಯಾ ಬಾಯಿಗೆ ಬಂದಂತೆ ಬೈದಿದ್ದಳು. ಅದನ್ನು ಕೇಳಿ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಧೈರ್ಯ ಎಂದು ನಾನು ಹೇಳುತ್ತಿದ್ದುದು ಬರೀ ಭಯ. ಆ ಭಯಕ್ಕೆ ಹೆಮ್ಮೆಯ ಬಟ್ಟೆ ತೊಡಿಸಿ ಮಗಳ ಕೈಗಿತ್ತಿದ್ದೆ.

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಕ್ಲಾಸು ಎಂದಮೇಲೆ ಮನಸ್ಸು ಪಾಸು-ಫೇಲು ಹುಡುಕುತ್ತದೆ ಎಂಬುದು ಗೊತ್ತು. ಹೆರಿಗೆಗೆ ಆ ಲೆಕ್ಕ ಸಲ್ಲದು. ಶಾಂತವಾಗಿರಲು ಕಲಿಸುವುದು ಒಳ್ಳೆಯದೇ. ಆದರೆ ಶಾಂತವಾಗಿರಲು ಆಗದವಳನ್ನು ಸೋತವಳೆಂದು ಮಾಡಿದರೆ, ಬೈಯುವ ಆಯಾಳಿಗೂ ಮೃದುವಾಗಿ ಮಾತಾಡುವ ಕ್ಲಾಸಿಗೂ ಏನು ವ್ಯತ್ಯಾಸ? ಒಬ್ಬಳು ಹೊರಗಿನಿಂದ ಬಾಯಿ ಮುಚ್ಚಿಸುತ್ತಾಳೆ, ಇನ್ನೊಂದು ಒಳಗಿನಿಂದ.

ಮಗಳಿಗೆ ಅಂದೇ ಸೆರಗಿನ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದಳು.

ಉತ್ತರ ಹೊಳೆಯಲಿಲ್ಲ. ಮಗು ಅಳತೊಡಗಿತು. ಅದನ್ನು ಎತ್ತಿ ಅವಳ ಮಗ್ಗುಲಿಗೆ ಮಲಗಿಸಿದೆ.