ನಿಷ್ಪ್ರತೀಕಾರವೆಂದು ನಿರ್ಣಯಿಸುವ ಮುನ್ನ

ಸಲ್ಲೇಖನಕ್ಕೆ ತಕ್ಕ ಸಂದರ್ಭಗಳನ್ನು ಹೇಳುವಲ್ಲಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕನ್ನು ಎಣಿಸಿ, ಅವು ನಿಷ್ಪ್ರತೀಕಾರವಾಗಿರಬೇಕೆಂದು ವಿಧಿಸಿದ್ದಾರೆ. ಈ ಒಂದು ವಿಶೇಷಣದಲ್ಲಿಯೇ ಧರ್ಮಸೂಕ್ಷ್ಮವು ಅಡಗಿದೆ. ರೋಗಕ್ಕೆ ಪ್ರತೀಕಾರವಿಲ್ಲವೆಂದು ನಿರ್ಣಯಿಸುವುದು ಹೇಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶ್ರಾವಕರ ಮನೆಗಳಲ್ಲಿಯೂ ಈ ಪ್ರಶ್ನೆ ಏಳದೆ ಇರದು. ಹಿರಿಯರೊಬ್ಬರ ದೇಹದಲ್ಲಿ ಎರಡು ಕಡೆ ಕ್ಯಾನ್ಸರ್ ಗಡ್ಡೆ ಕಂಡರೆ, ರೋಗ ಮೈಯೆಲ್ಲ ಹರಡಿತು, ಇನ್ನು ಆಹಾರತ್ಯಾಗವೇ ಮಾರ್ಗವೆಂದು ಮನೆಮಂದಿ ಭಾವಿಸುವುದು ಸಹಜ. ಆದರೆ ಎರಡು ಗಡ್ಡೆಗಳು ಯಾವಾಗಲೂ ಒಂದೇ ರೋಗದ ಕವಲುಗಳಲ್ಲ. ಪ್ರತ್ಯೇಕವಾಗಿ ಹುಟ್ಟಿದ ಎರಡು ಮೂಲ ಕ್ಯಾನ್ಸರುಗಳು ಏಕಕಾಲದಲ್ಲಿ ಇರಬಹುದು. ಹೊಗೆಸೊಪ್ಪಿನ ಚಟವುಳ್ಳವರಲ್ಲಿ ಬಾಯಿ, ಗಂಟಲು, ಅನ್ನನಾಳಗಳ ಒಳಪದರವೆಲ್ಲ ಕೆಟ್ಟಿರುವುದರಿಂದ ಹೀಗಾಗುವುದುಂಟು.

ವಾರನ್ ಮತ್ತು ಗೇಟ್ಸ್ ಎಂಬ ವೈದ್ಯರು 1932ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು: ಪ್ರತಿಯೊಂದು ಗಡ್ಡೆಯೂ ಕ್ಯಾನ್ಸರೆಂದು ಸಿದ್ಧವಾಗಬೇಕು, ಒಂದಕ್ಕೊಂದು ಬೇರೆಯಾಗಿರಬೇಕು, ಒಂದು ಮತ್ತೊಂದರಿಂದ ಹರಡಿದ್ದಲ್ಲವೆಂದು ಖಚಿತವಾಗಬೇಕು. ಇದಕ್ಕಾಗಿ ಎರಡೂ ಕಡೆಯ ತುಣುಕುಗಳನ್ನು ತೆಗೆದು ಪರೀಕ್ಷಿಸಬೇಕು. ಒಂದನ್ನು ನೋಡಿ ಮತ್ತೊಂದನ್ನು ಊಹಿಸಲಾಗದು. ಮೂಲಗಳು ಬೇರೆಯಾದರೆ ಪ್ರತಿಯೊಂದರ ಹಂತವನ್ನೂ ಬೇರೆಯಾಗಿಯೇ ಎಣಿಸುತ್ತಾರೆ. ಎರಡೂ ಮೊದಲ ಹಂತದಲ್ಲಿದ್ದರೆ ಎರಡೂ ಗುಣವಾಗುವ ಸಾಧ್ಯತೆಯಿದೆ. ಸಾಮಾನ್ಯವಾಗಿ ಪ್ರಾಣಕ್ಕೆ ಹೆಚ್ಚು ಅಪಾಯಕರವಾದುದಕ್ಕೆ ಮೊದಲು ಚಿಕಿತ್ಸೆ. ಕೆಲವೊಮ್ಮೆ ಒಂದೇ ಚಿಕಿತ್ಸೆ ಎರಡಕ್ಕೂ ಸಲ್ಲುತ್ತದೆ. ಶಸ್ತ್ರ, ವಿಕಿರಣ, ಔಷಧ ಈ ಮೂರು ವಿಭಾಗಗಳ ತಜ್ಞರು ಕೂಡಿ ಇದನ್ನು ನಿಶ್ಚಯಿಸಬೇಕು. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮ್ಮ ತಾಲ್ಲೂಕುಗಳಿಗೆ ದೂರವಲ್ಲ.

ದೇವಚಂದ್ರನ ರಾಜಾವಳಿ ಕಥೆ ಹೇಳುವಂತೆ, ಭಸ್ಮಕ ರೋಗದಿಂದ ಬಳಲಿದ ಸಮಂತಭದ್ರರು ಸ್ವತಃ ಸಲ್ಲೇಖನವನ್ನು ಬೇಡಿದಾಗ ಗುರುಗಳು ಒಪ್ಪಲಿಲ್ಲ. ಅವರು ರೋಗವನ್ನು ಕಳೆದುಕೊಂಡು ಮತ್ತೆ ದೀಕ್ಷೆಯನ್ನು ಸ್ವೀಕರಿಸಿದರು. ಬೇಡಿದವರು ಸಾಮಾನ್ಯರಲ್ಲ; ಆದರೂ ಅನುಮತಿ ದೊರೆಯಲಿಲ್ಲ. ಅದೇ ಶ್ರಾವಕಾಚಾರವು ಮರಣದ ಬಯಕೆಯನ್ನೂ ಭಯವನ್ನೂ ಸಲ್ಲೇಖನದ ಅತಿಚಾರಗಳಲ್ಲಿ ಎಣಿಸುತ್ತದೆ. ಪರೀಕ್ಷೆ ಮುಗಿಯದ ರೋಗಕ್ಕೆ ಅಂಜಿ ಅನ್ನವನ್ನು ಬಿಡುವುದು ಕಷಾಯವನ್ನು ಕೃಶಗೊಳಿಸುವುದಿಲ್ಲ, ದೇಹವನ್ನು ಮಾತ್ರ ಕೃಶಗೊಳಿಸುತ್ತದೆ.

ಚಿಕಿತ್ಸೆಯ ಕಾಲದಲ್ಲಿ ವ್ರತಲೋಪವಾಯಿತೆಂದು ಕೊರಗಬೇಕಾಗಿಲ್ಲ. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಯಿದ್ದಷ್ಟು ಎಂದೇ ಹೇಳಿದೆ. ದಶಲಕ್ಷಣ ಪರ್ವದ ಉಪವಾಸಕ್ಕೆ ಬದಲಾಗಿ ಸ್ವಾಧ್ಯಾಯ, ಜಪ, ಮೌನಗಳುಂಟು. ಉಪವಾಸದ ನಿಯಮವಿದ್ದರೆ ಅದನ್ನು ವೈದ್ಯರಿಂದ ಮರೆಮಾಡಬಾರದು.

ಎಲ್ಲ ಪರೀಕ್ಷೆಗಳ ಬಳಿಕವೂ ಪ್ರತೀಕಾರವಿಲ್ಲವೆಂದು ತಿಳಿದರೆ, ಆಗ ಗುರುಸನ್ನಿಧಿಯಲ್ಲಿ ವ್ರತವನ್ನು ಬೇಡುವವನು ನಿರ್ಭಯನಾಗಿ ಬೇಡಬಲ್ಲನು. ಅಲ್ಲಿಯವರೆಗೆ ಔಷಧಸೇವನೆಯೂ ವೈಯಾವೃತ್ಯವೂ ಧರ್ಮವೇ.