ಕ್ರಯಪತ್ರದಲ್ಲಿ ಬರೆಯುವ ಬೆಲೆ

ಪಕ್ಕದಲ್ಲಿ ಕೂತವರಿಗೆ ಒಂದು ಸಲ ಹೇಳಿ, ದೇವರು ಒಳ್ಳೆಯವನು. ಎಲ್ಲಾ ಕಾಲದಲ್ಲೂ ಒಳ್ಳೆಯವನು. ಹಲ್ಲೆಲೂಯ.

ಒಂದು ಪ್ರಶ್ನೆ ಕೇಳ್ತೀನಿ, ನಾಚಿಕೆ ಬೇಡ. ನಿಮ್ಮಲ್ಲಿ ಎಷ್ಟು ಜನ ಈಗ ಮನೆ ಅಥವಾ ಸೈಟ್ ಹುಡುಕ್ತಾ ಇದ್ದೀರಿ? ಊರಲ್ಲಿರೋ ಅಪ್ಪ ಅಮ್ಮನ ಮನೆ ಮಾರೋ ವಿಷಯ ಎಷ್ಟು ಮನೆಗಳಲ್ಲಿ ನಡೀತಿದೆ? ನೋಡಿ, ಅರ್ಧ ಸಭೆ ಕೈ ಎತ್ತಿದೆ. ಕಳೆದ ಕೆಲವು ತಿಂಗಳಲ್ಲಿ ಪ್ರಾರ್ಥನಾ ವಿನಂತಿ ಚೀಟಿಗಳಲ್ಲಿ ಕೆಲಸ, ಮದುವೆ ಆದ ಮೇಲೆ ಮೂರನೆಯದು ಇದೇ. ಬೆಂಗಳೂರಲ್ಲಿ ಮನೆ ಕೊಳ್ಳೋದು ಅಂದ್ರೆ ಮನುಷ್ಯನ ತಾಳ್ಮೆಗೆ ಪರೀಕ್ಷೆ. ಭಾನುವಾರ ಆರಾಧನೆ ಮುಗಿಸಿ ಹೊರಮಾವಿಗೆ ಹೋಗ್ತೀರಿ, ಮುಂದಿನ ವಾರ ಕನಕಪುರ ರಸ್ತೆಗೆ ಹೋಗ್ತೀರಿ. ಮನೆ ಇಷ್ಟ ಆದ್ರೆ ಬಿ ಖಾತಾ. ಖಾತಾ ಸರಿ ಇದ್ರೆ ಓಸಿ ಇಲ್ಲ. ಎರಡೂ ಇದ್ರೆ ಬೆಲೆ ಕೈಗೆಟುಕಲ್ಲ. ಎಲ್ಲಾ ಸರಿಯಾಯ್ತು ಅನ್ನೋವಾಗ ಮಾರುವವರ ಅಣ್ಣ ದುಬೈಯಿಂದ ಫೋನ್ ಮಾಡಿ ನನ್ನ ಸಹಿ ಇಲ್ಲದೆ ಮಾರೋ ಹಾಗಿಲ್ಲ ಅಂತಾರೆ. ನಗ್ತಾ ಇದ್ದೀರಿ, ಅಂದ್ರೆ ನಿಮಗೂ ಆಗಿದೆ.

ಸತ್ಯವೇದದಲ್ಲಿ ಇಂಥ ವಿಷಯಕ್ಕೆ ಜಾಗ ಇದೆಯಾ? ಇದೆ. ಯೆರೆಮೀಯ 32ನೇ ಅಧ್ಯಾಯ ತೆರೆಯಿರಿ. 6ರಿಂದ 15ನೇ ವಚನಗಳನ್ನು ಮನೆಗೆ ಹೋಗಿ ನಿಧಾನವಾಗಿ ಓದಿ. ಈಗ ನಾನು ಸಂಗತಿಯನ್ನು ಹೇಳ್ತೀನಿ.

ಅದು ಅರಸನಾದ ಚಿದ್ಕೀಯನ ಆಳ್ವಿಕೆಯ 10ನೇ ವರ್ಷ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪ್ರವಾದಿ ಯೆರೆಮೀಯ ಕಾವಲಿನ ಅಂಗಳದಲ್ಲಿ ಬಂಧಿಯಾಗಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಅಂತಾನೆ. ಅನಾತೋತ್ ಯೆರೂಸಲೇಮಿನಿಂದ ಕೆಲವೇ ಕಿಲೋಮೀಟರ್ ದೂರ. ಸುತ್ತೆಲ್ಲಾ ಶತ್ರು ಸೈನ್ಯ. ಇವತ್ತಿನ ಯಾವ ಬ್ರೋಕರ್ ಕೂಡ ಅಂಥ ಜಾಗವನ್ನು ಒಳ್ಳೆ ಇನ್ವೆಸ್ಟ್‌ಮೆಂಟ್ ಅಂತ ತೋರಿಸಲ್ಲ. ಆದರೆ ಕೊಂಡುಕೋ ಎಂಬುದು ಕರ್ತನ ಮಾತು ಎಂದು ಯೆರೆಮೀಯನಿಗೆ ಗೊತ್ತಾಯಿತು. ಕೊಂಡುಕೊಂಡ. 17 ಶೆಕೆಲ್ ಬೆಳ್ಳಿ, ನಮ್ಮ ಲೆಕ್ಕದಲ್ಲಿ ಸುಮಾರು 200 ಗ್ರಾಂ.

ಈ ಭಾಗದಿಂದ ನಾವು ಸಾಮಾನ್ಯವಾಗಿ ಏನು ಪ್ರಸಂಗ ಮಾಡ್ತೀವಿ? ನಂಬಿಕೆಯಿಂದ ಕ್ಲೇಮ್ ಮಾಡಿ, ಹೊಲ ನಿಮ್ಮದು, ಆಮೆನ್! ಆದರೆ ಯೆರೆಮೀಯ ನಿಜವಾಗಿ ಏನು ಮಾಡಿದ ಅಂತ ಗಮನಿಸಿ. ಪತ್ರ ಬರೆದ. ಸಹಿ ಹಾಕಿದ. ಮುದ್ರೆ ಹಾಕಿದ. ಸಾಕ್ಷಿಗಳನ್ನು ಕರೆಸಿದ. ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟ. ಎರಡು ಪ್ರತಿ ಇತ್ತು, ಒಂದು ಮುದ್ರೆ ಹಾಕಿದ್ದು, ಇನ್ನೊಂದು ತೆರೆದದ್ದು. ಅವನ್ನು ಬಾರೂಕನ ಕೈಗೆ ಕೊಟ್ಟಿದ್ದು ಮೂಲೆಯಲ್ಲಿ ಅಲ್ಲ, ಹನಮೇಲ, ಸಾಕ್ಷಿಗಳು, ಅಂಗಳದಲ್ಲಿ ಕೂತಿದ್ದ ಎಲ್ಲಾ ಯೆಹೂದ್ಯರ ಎದುರಿಗೆ. ಆಮೇಲೆ ಬಹು ದಿನ ಉಳಿಯಲಿ ಅಂತ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಪ್ರವಾದನೆ ಇದ್ದ ಮನುಷ್ಯ, ಪೇಪರ್ ವರ್ಕ್‌ನಲ್ಲಿ ಒಂದು ಹೆಜ್ಜೆ ಕೂಡ ಬಿಡಲಿಲ್ಲ.

ಅಬ್ರಹಾಮನೂ ಹಾಗೇ. ಆದಿಕಾಂಡ 23. ಸಾರಳು ತೀರಿಹೋಗಿದ್ದಾಳೆ. ಸಮಾಧಿಗೆ ಜಾಗ ಬೇಕು. ಹಿತ್ತಿಯನಾದ ಎಫ್ರೋನ ಸುಮ್ಮನೆ ತೆಗೆದುಕೋ ಅಂದ. ಅಬ್ರಹಾಮ ಒಪ್ಪಲಿಲ್ಲ. ಊರಬಾಗಿಲಲ್ಲಿ, ಎಲ್ಲರೂ ಕೇಳುವ ಹಾಗೆ, 400 ಶೆಕೆಲ್ ಬೆಳ್ಳಿ ತೂಗಿಕೊಟ್ಟ. ಹೊಲ, ಅದರಲ್ಲಿದ್ದ ಗವಿ, ಸುತ್ತಲಿನ ಮೇರೆಯೊಳಗಿದ್ದ ಮರಗಳು, ಎಲ್ಲವನ್ನೂ ಎಣಿಸಿ ಬರೆದಿದೆ. ನಮ್ಮ ಕ್ರಯಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಅಂತ ಬರುತ್ತಲ್ಲ, ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ ಅಂತ, ನನಗೆ ಅದೇ ನೆನಪಾಗುತ್ತೆ. ಹಾಗಾಗಿ ಪ್ರಿಯರೇ, ನಾವಿಬ್ಬರೂ ವಿಶ್ವಾಸಿಗಳು, ಬ್ರದರ್, ನಮ್ಮ ಮಧ್ಯೆ ಅಗ್ರಿಮೆಂಟ್ ಯಾಕೆ ಅಂತ ಯಾರಾದ್ರೂ ಅಂದ್ರೆ, ಅಬ್ರಹಾಮನನ್ನು ತೋರಿಸಿ. ಸ್ಪಷ್ಟವಾಗಿ ಬರೆದುಕೊಳ್ಳೋದು ಅಪನಂಬಿಕೆ ಅಲ್ಲ. ನಾಳೆ ಇಬ್ಬರ ಮಕ್ಕಳು ಜಗಳ ಆಡದ ಹಾಗೆ ಇವತ್ತು ತೋರಿಸೋ ಪ್ರೀತಿ.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಎರಡು ವ್ಯವಹಾರಗಳಲ್ಲೂ ತೂಗಿದ ಬೆಳ್ಳಿ ಬೇರೆ, ಜನರಿಗೆ ಹೇಳಿದ ಬೆಲೆ ಬೇರೆ ಅಂತ ಇರಲಿಲ್ಲ. ನಮ್ಮ ಊರಲ್ಲಿ ಹೇಗೆ? ಒಂದು ಉದಾಹರಣೆ ತಗೊಳ್ಳಿ. ಮನೆಯ ನಿಜವಾದ ಬೆಲೆ 90 ಲಕ್ಷ. ಕ್ರಯಪತ್ರದಲ್ಲಿ 60 ಲಕ್ಷ ಅಂತ ಬರೆಯೋಣ, ಉಳಿದ 30 ಲಕ್ಷ ಕ್ಯಾಶ್ ಕೊಡಿ. ಕೇಳಿದ್ದೀರಲ್ಲ? ಬ್ಲ್ಯಾಕ್ ಅಂಡ್ ವೈಟ್. ಸ್ಟ್ಯಾಂಪ್ ಡ್ಯೂಟಿ 5% ಅಂದ್ರೆ ಆ 30 ಲಕ್ಷಕ್ಕೆ ಒಂದೂವರೆ ಲಕ್ಷ ಕೊಳ್ಳುವವರಿಗೆ ಉಳೀತು. ಮಾರುವವರಿಗೆ ಲಾಭದ ಮೇಲಿನ ತೆರಿಗೆ ಉಳೀತು. ಎಲ್ಲರೂ ಖುಷಿ. ಸರ್ಕಾರದ ಗೈಡೆನ್ಸ್ ವ್ಯಾಲ್ಯೂಗಿಂತ ಕೆಳಗೆ ಹೋಗಿಲ್ಲ, ಏನು ತಪ್ಪು ಅಂತಾರೆ.

ಕಾನೂನಿನ ಮಾತು ಮೊದಲು ಹೇಳಿಬಿಡ್ತೀನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳೋ ಹಾಗಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವ್ಯವಹಾರ ಮುರಿದುಬಿದ್ರೆ ಆ ಕ್ಯಾಶ್‌ಗೆ ನಿಮ್ಮ ಹತ್ರ ರಸೀದಿ ಇರಲ್ಲ. ಇನ್ನೊಂದು ಇದೆ. 10 ವರ್ಷದ ನಂತರ ನೀವು ಆ ಮನೆ ಮಾರೋವಾಗ ದಾಖಲೆಯಲ್ಲಿ ನೀವು ಕೊಂಡ ಬೆಲೆ 60 ಲಕ್ಷ ಅಂತಲೇ ಇರುತ್ತೆ. ನಿಜವಾಗಿ ಕೊಟ್ಟ 30 ಲಕ್ಷ ಕೂಡ ನಿಮ್ಮ ಲಾಭ ಅಂತ ಲೆಕ್ಕಕ್ಕೆ ಬರುತ್ತೆ. ಆಗ ನೀವೇನು ಮಾಡ್ತೀರಿ? ಮುಂದಿನ ಹುಡುಗನ ಹತ್ರ, ಮುಂದಿನ ಹೊಸ ದಂಪತಿಗಳ ಹತ್ರ ಕ್ಯಾಶ್ ಕೇಳ್ತೀರಿ. ಆ ಸುಳ್ಳು ಮನೆಯ ಜೊತೆಗೇ ಕೈ ಬದಲಾಯಿಸುತ್ತೆ. ನೀವು ಕೊಂಡಿದ್ದು ಮನೆ ಒಂದನ್ನೇ ಅಲ್ಲ.

ಈಗ ದೇವರ ವಾಕ್ಯ. ಧರ್ಮೋಪದೇಶಕಾಂಡ 25ರಲ್ಲಿ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅಂತ ಕರ್ತನು ಹೇಳ್ತಾನೆ. ಕೊಳ್ಳೋಕೆ ಒಂದು ಕಲ್ಲು, ಮಾರೋಕೆ ಒಂದು. ಕ್ರಯಪತ್ರದಲ್ಲಿ ಒಂದು ಬೆಲೆ, ಬ್ಯಾಗಿನಲ್ಲಿ ಒಂದು ಬೆಲೆ. ಹೆಸರು ಬದಲಾಗಿದೆ, ಕಲ್ಲು ಅದೇ.

ನಾವು ಪೆಂತೆಕೊಸ್ತಿನವರು, ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ನಮಗೆ ಬಾಯಿಪಾಠ. ಸ್ವಲ್ಪ ಮುಂದೆ ಹೋಗಿ, 5ನೇ ಅಧ್ಯಾಯ. ಅನನೀಯ ಮತ್ತು ಸಫೈರ ಏನು ಮಾರಿದರು? ಭೂಮಿ! ಮಾರಲೇಬೇಕು ಅಂತ ಯಾರೂ ಬಲವಂತ ಮಾಡಿರಲಿಲ್ಲ. ಹಣ ಪೂರ್ತಿ ಕೊಡಲೇಬೇಕು ಅಂತಲೂ ಇರಲಿಲ್ಲ. ಪೇತ್ರ ಸಫೈರಳಿಗೆ ಕೇಳಿದ್ದು ಬೆಲೆಯ ಪ್ರಶ್ನೆ, ಹೊಲವನ್ನು ಮಾರಿದ್ದು ಇಷ್ಟಕ್ಕೇನಾ ಅಂತ. ಗಂಡ ಹೆಂಡತಿ ಮನೆಯಲ್ಲಿ ಕೂತು ಮಾತಾಡಿಕೊಂಡು ಬಂದಿದ್ದ ಸಂಖ್ಯೆಯನ್ನೇ ಅವಳು ಹೇಳಿದಳು. ಪೇತ್ರ ಅದನ್ನು ಪವಿತ್ರಾತ್ಮನಿಗೆ ಹೇಳಿದ ಸುಳ್ಳು ಅಂದ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತಪ್ಪು ಬೆಲೆ ಬರೆದವರೆಲ್ಲಾ ಅಲ್ಲೇ ಬಿದ್ದು ಸಾಯ್ತಾರೆ ಅಂತ ನಾನು ಹೆದರಿಸ್ತಾ ಇಲ್ಲ. ನಾನು ಹೇಳೋದು ಇಷ್ಟೇ. ಭಾನುವಾರ ನಮ್ಮ ಮೇಲೆ ಇಳಿದುಬರಲಿ ಅಂತ ನಾವು ಕಣ್ಣೀರಿಟ್ಟು ಕರೆಯುವ ಅದೇ ಆತ್ಮನು, ಸೋಮವಾರ ನೀವು ಬೆರಳಚ್ಚು ಕೊಡುವಾಗಲೂ ಪಕ್ಕದಲ್ಲೇ ಇದ್ದಾನೆ. ಆತನೂ ಒಬ್ಬ ಸಾಕ್ಷಿ.

ಪಾಸ್ಟರ್, ಹೇಳೋದು ಸುಲಭ ಅಂತೀರಿ. ನಿಜ, ಸುಲಭ ಅಲ್ಲ. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಒಂದು ಎರಡು ಬೆಡ್‌ರೂಮ್ ಮನೆ ನೋಡಿದ್ವಿ. ಸಭೆಗೆ ಹತ್ತಿರ, ಮಗಳ ಶಾಲೆಗೂ ಹತ್ತಿರ. ಇಸಿ ತೆಗೆಸಿದ್ವಿ, ಮದರ್ ಡೀಡ್ ವಕೀಲರಿಗೆ ತೋರಿಸಿದ್ವಿ, ಬ್ಯಾಂಕಿನಲ್ಲಿ ಲೋನ್ ಮಾತಾಗಿತ್ತು. ಅಗ್ರಿಮೆಂಟ್‌ಗೆ ಕೂತ ದಿನ ಮಾರುವವರು ಮೂರರಲ್ಲಿ ಒಂದು ಭಾಗ ಕ್ಯಾಶ್ ಕೇಳಿದರು. ಆಗಲ್ಲ ಅಂದೆ. ಎಲ್ಲರೂ ಹೀಗೇ ಮಾಡೋದು, ನಿಮ್ಮ ಚರ್ಚ್‌ನವರೂ ಮಾಡ್ತಾರೆ ಅಂದರು. ಆ ಮಾತು ನನಗೆ ತುಂಬಾ ಚುಚ್ಚಿತು. ಮನೆ ಬೇರೆಯವರಿಗೆ ಹೋಯ್ತು. ಟೋಕನ್ ಹಣ ವಾಪಸ್ ಬರೋಕೆ ಎರಡು ತಿಂಗಳು ಹಿಡೀತು.

ಆಮೇಲೆ ದೇವರು ಅದಕ್ಕಿಂತ ದೊಡ್ಡ ಮನೆ, ಕಡಿಮೆ ಬೆಲೆಗೆ ಕೊಟ್ಟ ಅಂತ ನಾನು ಸಾಕ್ಷಿ ಹೇಳ್ತೀನಿ ಅಂತ ನೀವು ಕಾಯ್ತಾ ಇದ್ದೀರಿ. ಇಲ್ಲ. ನಾವು ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಪ್ರತಿ ವರ್ಷ ಬಾಡಿಗೆ ಏರುತ್ತೆ. ಆ ರಸ್ತೆಯಲ್ಲಿ ಹೋಗುವಾಗ ನನ್ನ ಹೆಂಡತಿ ಈಗಲೂ ಆ ಬಾಲ್ಕನಿ ಕಡೆ ನೋಡ್ತಾಳೆ. ನೀತಿಯಿಂದ ನಡೆದರೆ ನಷ್ಟವೇ ಆಗಲ್ಲ ಅಂತ ನಿಮಗೆ ಹೇಳಿದರೆ ನಾನೂ ಎರಡು ಕಲ್ಲು ಇಟ್ಟುಕೊಂಡ ಹಾಗೆ ಆಗುತ್ತೆ.

ಯೆರೆಮೀಯ ಆ ಹೊಲದಲ್ಲಿ ಬೆಳೆ ಬೆಳೆದ ಅಂತ ಎಲ್ಲೂ ಬರೆದಿಲ್ಲ. ಕೊನೆಗೆ ಅವನನ್ನು ಜನರು ಐಗುಪ್ತಕ್ಕೆ ಕರೆದುಕೊಂಡು ಹೋದರು. ದೇಶವನ್ನೇ ವಾಗ್ದಾನವಾಗಿ ಪಡೆದ ಅಬ್ರಹಾಮ ಗುಡಾರದಲ್ಲೇ ವಾಸ ಮಾಡಿದ, ಅವನು ಅಲ್ಲಿ ದುಡ್ಡು ಕೊಟ್ಟು ಕೊಂಡಿದ್ದು ಹೆಂಡತಿಯ ಸಮಾಧಿಯ ಜಾಗ. ಹಾಗಾದರೆ ಅವರಿಗೆ ಆಶೀರ್ವಾದ ಇರಲಿಲ್ಲವಾ? ಸ್ವಂತ ಮನೆ ಇದ್ದವರು ಆಶೀರ್ವಾದ ಹೊಂದಿದವರು, ಬಾಡಿಗೆಯವರು ನಂಬಿಕೆ ಕಡಿಮೆ ಇರುವವರು ಅನ್ನೋ ಮಾತು ನಮ್ಮ ಸಭೆಗಳಲ್ಲಿ ಗೊತ್ತಿಲ್ಲದೆ ಸೇರಿಕೊಂಡಿದೆ. ಆ ಒತ್ತಡಕ್ಕೇ ನಮ್ಮ ಯುವಕರು ಅವಸರ ಮಾಡ್ತಾರೆ, ಕ್ಯಾಶ್‌ಗಾಗಿ ಬಡ್ಡಿ ಸಾಲ ತಗೊಳ್ತಾರೆ, ಹೆಂಡತಿಯ ಒಡವೆ ಅಡ ಇಡ್ತಾರೆ. ಇನ್ನು ಮುಂದೆ ನಮ್ಮ ಸಭೆಯಲ್ಲಿ ಯಾರಾದರೂ ಬಾಡಿಗೆ ಮನೆ ಬದಲಾಯಿಸಿದರೂ ನಮಗೆ ಹೇಳಿ, ಗೃಹಪ್ರತಿಷ್ಠೆಗೆ ಬಂದ ಹಾಗೇ ಬಂದು ಪ್ರಾರ್ಥಿಸ್ತೀವಿ.

ಮಾರುವವರಿಗೂ ಒಂದು ಮಾತು. ಯಾಜಕಕಾಂಡ 25:14 ಓದಿ. ಕೊಳ್ಳುವಾಗಲೂ ಮಾರುವಾಗಲೂ ಒಬ್ಬರಿಗೊಬ್ಬರು ಅನ್ಯಾಯ ಮಾಡಬಾರದು ಅಂತ ದೇವರು ಎರಡೂ ಕಡೆಯವರಿಗೆ ಹೇಳ್ತಾನೆ. ಮಳೆಗಾಲದಲ್ಲಿ ಸೋರುವ ಗೋಡೆಗೆ ಬೇಸಿಗೆಯಲ್ಲಿ ಪೇಂಟ್ ಹೊಡೆದು ತೋರಿಸಬೇಡಿ. ಬೋರ್‌ವೆಲ್ ಬತ್ತಿದ್ದರೆ ಹೇಳಿ. ಕೋರ್ಟಿನಲ್ಲಿ ಕೇಸ್ ಇದ್ದರೆ ಮೊದಲೇ ಹೇಳಿ. ಒಳಗೆ ಅಳತೆ ಹಿಡಿದರೆ ಸಿಗೋ ಕಾರ್ಪೆಟ್ ಏರಿಯಾ ಎಷ್ಟೋ ಅಷ್ಟನ್ನೇ ಹೇಳಿ, ರೇರಾ ಕಾಯ್ದೆಯೂ ಬಿಲ್ಡರ್‌ಗಳಿಂದ ಅದನ್ನೇ ಕೇಳುತ್ತೆ. ಕೊಳ್ಳುವವರೇ, ನೀವೂ ಅಷ್ಟೇ. ಜ್ಞಾನೋಕ್ತಿ 20:14ರಲ್ಲಿ ಒಬ್ಬ ಗಿರಾಕಿ ಇದ್ದಾನೆ. ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂತ ಚೌಕಾಸಿ ಮಾಡಿ, ಹೊರಗೆ ಹೋಗಿ ಕೊಚ್ಚಿಕೊಳ್ತಾನೆ. ವಿಧವೆಯೊಬ್ಬಳು ಆಸ್ಪತ್ರೆ ಖರ್ಚಿಗೆ ಮನೆ ಮಾರುವಾಗ ಅವಳ ಕಷ್ಟ ನೋಡಿ ಬೆಲೆ ಇಳಿಸಿ, ಅದನ್ನು ಇಲ್ಲಿ ಬಂದು ದೇವರ ಕೃಪೆ ಅಂತ ಸಾಕ್ಷಿ ಹೇಳಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲ ಫೋನ್ ಕಾಲ್‌ನಲ್ಲೇ ಹೇಳಿಬಿಡಿ, ಪೂರ್ತಿ ಹಣ ಬ್ಯಾಂಕಿನ ಮೂಲಕ, ಪೂರ್ತಿ ಬೆಲೆ ಪತ್ರದಲ್ಲಿ ಅಂತ. ಮನಸ್ಸು ಆ ಅಡುಗೆಮನೆಗೆ ಅಂಟಿಕೊಳ್ಳೋ ಮುಂಚೆ ಹೇಳೋದು ಸುಲಭ. ಕಾಗದ ನೋಡದೆ ಟೋಕನ್ ಕೊಡಬೇಡಿ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ತೀರ್ಮಾನ ಮಾಡಿ, ಅನನೀಯನ ಮನೆಯಲ್ಲಿ ಮಾಡಿದ ಹಾಗೆ ಅಲ್ಲ. ಬಜೆಟ್ ಹಾಕುವಾಗಲೇ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ಸೇರಿಸಿ. ಅಷ್ಟು ಕೊಡೋಕೆ ಆಗದಿದ್ದರೆ ಆ ಮನೆ ನಮ್ಮ ಕೈಗೆ ಮೀರಿದ್ದು ಅಂತ ಒಪ್ಪಿಕೊಳ್ಳಿ. ಈಗಾಗಲೇ ಹಾಗೆ ಕೊಂಡವರು ಇಲ್ಲಿ ಇದ್ದರೆ, ನಾನು ಕಲ್ಲೆಸೆಯಲು ನಿಂತಿಲ್ಲ. ಜಕ್ಕಾಯನ ಮನೆಗೆ ಯೇಸು ಮೊದಲು ಹೋದ, ಲೆಕ್ಕ ಸರಿಮಾಡಿದ್ದು ಆಮೇಲೆ. ಕರ್ತನ ಹತ್ರ ಬನ್ನಿ, ನಂತರ ಸರಿಪಡಿಸೋ ದಾರಿ ಏನು ಅಂತ ಒಳ್ಳೆ ಲೆಕ್ಕಪರಿಶೋಧಕರನ್ನು ಕೇಳಿ.

ಬೇಸರ ಬಂದರೆ? ಯೆರೆಮೀಯನಿಗೂ ಬಂತು. ಪತ್ರ ಕೊಟ್ಟ ಮೇಲೆ ಅವನು ಪ್ರಾರ್ಥಿಸಿದ. ಶತ್ರುಗಳು ಗೋಡೆಯ ತನಕ ಬಂದಿದ್ದಾರೆ, ಆದರೂ ನೀನು ನನಗೆ ಹೊಲ ಕೊಳ್ಳು ಅಂತೀಯಲ್ಲಾ ಅಂತ ಕರ್ತನನ್ನೇ ಕೇಳಿದ. ದೇವರು ಬೈಯಲಿಲ್ಲ. ತನಗೆ ಕಷ್ಟವಾದದ್ದು ಯಾವುದೂ ಇಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ, ಈ ದೇಶದಲ್ಲಿ ಮತ್ತೆ ಹೊಲಗಳ ಕ್ರಯ ನಡೆಯುತ್ತೆ ಅಂತ ಮಾತು ಕೊಟ್ಟ. ನಿಮ್ಮ ದೂರನ್ನೂ ಆತನ ಹತ್ರವೇ ತಗೊಂಡು ಹೋಗಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಕರ್ತನೇ, ಮನೆ ಹುಡುಕಿ ದಣಿದಿರುವ ನಿನ್ನ ಮಕ್ಕಳನ್ನು ನೋಡು. ಇಎಂಐ ಕಟ್ಟಲಾಗದೆ ನಿದ್ದೆ ಕೆಟ್ಟವರಿದ್ದಾರೆ. ಹಣ ಕಟ್ಟಿ ಕೀಲಿ ಸಿಗದವರಿದ್ದಾರೆ. ತಂದೆ ಕಟ್ಟಿದ ಮನೆಯನ್ನು ಅಳುತ್ತಾ ಮಾರುವವರಿದ್ದಾರೆ. ಅವರ ಜೊತೆ ಇರು. ನಮ್ಮ ಕೈ ಸಹಿ ಹಾಕುವ ಪ್ರತಿಯೊಂದು ಕಾಗದ ನಿನ್ನ ಮುಂದೆ ತೆರೆದ ಪ್ರತಿಯಾಗಿರಲಿ. ಮನೆ ಕೊಟ್ಟರೂ ಸ್ತೋತ್ರ, ತಡವಾದರೂ ಸ್ತೋತ್ರ. ನಮ್ಮ ಚೀಲದಲ್ಲಿ ಒಂದೇ ಕಲ್ಲು ಇರುವಂತೆ ಪವಿತ್ರಾತ್ಮನೇ ಬಲ ಕೊಡು. ಯೇಸುವಿನ ಪರಿಶುದ್ಧ ನಾಮದಲ್ಲಿ ಬೇಡುತ್ತೇವೆ ತಂದೆಯೇ.

ಆಮೆನ್.