ತಂದೆಯ ವಿಷಯದಲ್ಲೂ ಅದೇ ತಕ್ಕಡಿ

ನಿಮ್ಮ ನೆರೆಮನೆಯ ಹುಡುಗನ ಬಗ್ಗೆ ವಿಚಾರಿಸಲು ಹೆಣ್ಣಿನ ಕಡೆಯವರು ನಿಮ್ಮಲ್ಲಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಆ ಮನೆಯವರೊಂದಿಗೆ ಕಾಂಪೌಂಡಿನ ಗೋಡೆಯ ವಿಷಯದಲ್ಲಿ ನಿಮಗೆ ಹಳೆಯ ತಕರಾರಿದೆ. ಹುಡುಗ ಒಮ್ಮೆ ಸಿಟ್ಟಿಗೆದ್ದುದನ್ನು ಕಂಡಿದ್ದೀರಿ. "ಭಾರೀ ಮುಂಗೋಪಿ" ಎಂದುಬಿಡುತ್ತೀರಿ. ಮರುವಾರ ನಿಮ್ಮ ಅಕ್ಕನ ಮಗನ ಬಗ್ಗೆ ಕೇಳಲು ಇನ್ನೊಬ್ಬರು ಬರುತ್ತಾರೆ. ಅವನ ಸಿಟ್ಟು ನಿಮಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ನಿಮ್ಮ ಬಾಯಿಂದ ಬರುವ ಮಾತೇ ಬೇರೆ: "ಸ್ವಲ್ಪ ಖಡಕ್ ಸ್ವಭಾವ, ಮನಸ್ಸು ಮಾತ್ರ ಬಂಗಾರ."

ಸಿಟ್ಟು ಒಂದೇ, ಅದಕ್ಕೆ ನೀವು ಕೊಟ್ಟ ಹೆಸರು ಎರಡು. ಒಬ್ಬ ಯೋಗ್ಯ ಹುಡುಗನ ಸಂಬಂಧ ನಿಮ್ಮ ಮಾತಿನಿಂದ ಮುರಿಯಬಹುದು. ಒಬ್ಬ ಹೆಣ್ಣುಮಗಳು ನಿಮ್ಮ ಮಾತನ್ನು ನಂಬಿ ಬಾಳೆಲ್ಲಾ ಕಣ್ಣೀರಿಡಬಹುದು. ಹೀಗಿದ್ದೂ ಸುಳ್ಳು ಹೇಳಿದೆನೆಂದು ನಿಮಗೆ ಅನಿಸುವುದೇ ಇಲ್ಲ! ಪಕ್ಷಪಾತದ ದೊಡ್ಡ ಅಪಾಯ ಇದೇ. ಅದು ನಮ್ಮ ಪ್ರಾಮಾಣಿಕ ಅಭಿಪ್ರಾಯದ ರೂಪದಲ್ಲೇ ಬರುತ್ತದೆ.

ಪ್ರವಾದಿವರ್ಯರ(ಸ) ಹದೀಸ್‌ಗಳನ್ನು ಸಂಗ್ರಹಿಸಿದ ವಿದ್ವಾಂಸರ ಮುಂದೆಯೂ ಇಂಥದೇ ಪ್ರಶ್ನೆಯಿತ್ತು: ಈ ವರದಿಗಾರ ಎಂಥವನು? ಅವನ ಪ್ರಾಮಾಣಿಕತೆ ಹೇಗೆ, ನೆನಪು ಹೇಗೆ, ಅವನ ವರದಿ ಇತರರ ವರದಿಗಳೊಂದಿಗೆ ಹೊಂದುತ್ತದೆಯೇ ಎಂದು ಅವರು ತೂಗಿ ನೋಡುತ್ತಿದ್ದರು. ಇಮಾಮ್ ಬುಖಾರಿಯವರ(ರ) ಗುರುಗಳಾದ ಅಲೀ ಬಿನ್ ಅಲ್‌ಮದೀನಿ(ರ) ಈ ವಿದ್ಯೆಯಲ್ಲಿ ಪ್ರಸಿದ್ಧರು. ಹಿಜರಿ 234ರಲ್ಲಿ ನಿಧನರಾದರು. ಅವರ ತಂದೆಯೂ ಹದೀಸ್ ವರದಿಗಾರರಾಗಿದ್ದರು. ಜನರು ತಂದೆಯ ಬಗ್ಗೆ ಕೇಳಿದಾಗ, ಬೇರೆ ಯಾರನ್ನಾದರೂ ಕೇಳಿರಿ ಎಂದರು. ಜನರು ಬಿಡಲಿಲ್ಲ. ಆಗ ತಲೆತಗ್ಗಿಸಿ ಕುಳಿತರು. ಬಳಿಕ, ಇದು ಧರ್ಮದ ವಿಷಯ, ನನ್ನ ತಂದೆ ದುರ್ಬಲ ವರದಿಗಾರರು ಎಂದು ತಿಳಿಸಿದರು.

ಇನ್ನೊಂದು ಕಡೆ ನೋಡಿ. ಇಮ್ರಾನ್ ಬಿನ್ ಹಿತ್ತಾನ್ ಖಾರಿಜಿ ಪಂಥದವರಾಗಿದ್ದರು. ಆ ಪಂಥದ ವಿಚಾರಗಳನ್ನು ಇಮಾಮ್ ಬುಖಾರಿ(ರ) ಒಪ್ಪುತ್ತಿರಲಿಲ್ಲ. ಆದರೂ ಅವರ ಮೂಲಕ ಬಂದ ವರದಿಗೆ ತಮ್ಮ ಸಹೀಹ್ ಗ್ರಂಥದಲ್ಲಿ ಸ್ಥಾನ ಕೊಟ್ಟರು. ತಂದೆಯೆಂಬ ಕಾರಣಕ್ಕೆ ತೂಕ ಹೆಚ್ಚಲಿಲ್ಲ, ವಿರೋಧಿಯೆಂಬ ಕಾರಣಕ್ಕೆ ಕಡಿಮೆಯಾಗಲಿಲ್ಲ.

ಸ್ವತಃ ನಮ್ಮ ಹಾಗೂ ತಂದೆ-ತಾಯಿ, ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂದು ಪವಿತ್ರ ಕುರ್‌ಆನ್(4:135) ಆದೇಶಿಸುತ್ತದೆ. ಇತರರ ಮೇಲಿನ ಹಗೆ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದೆಂದೂ(5:8) ಎಚ್ಚರಿಸುತ್ತದೆ. ಪ್ರೀತಿಯೂ ದ್ವೇಷವೂ ತಕ್ಕಡಿಯನ್ನು ವಾಲಿಸಬಲ್ಲವು.

ಆದ್ದರಿಂದ ಯಾರ ಬಗ್ಗೆಯಾದರೂ ಅಭಿಪ್ರಾಯ ಹೇಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇದು ನಾನು ಕಂಡದ್ದೇ, ಕೇಳಿದ್ದೇ? ಕೇಳಿದ್ದಾದರೆ ಹೇಳಿದವರಿಗೆ ಹೇಗೆ ಗೊತ್ತು? ಒಮ್ಮೆ ಕಂಡದ್ದನ್ನೇ ಸ್ವಭಾವವೆಂದು ತಿಳಿದೆನೇ? ಇವನು ನನ್ನ ಮಗನಾಗಿದ್ದರೆ ಇದೇ ಮಾತು ಹೇಳುತ್ತಿದ್ದೆನೇ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ. ಅದರಲ್ಲಿ ಅವಮಾನವಿಲ್ಲ. ಗೊತ್ತಿದ್ದರೆ, ಕೇಳಿದವರಿಗೆ ಅಗತ್ಯವಿರುವಷ್ಟನ್ನೇ ಹೇಳಿ. ಅದಕ್ಕಿಂತ ಹೆಚ್ಚಿನದು ಪರದೂಷಣೆಯಾಗುತ್ತದೆ.

ವಿಚಾರಿಸಲು ಬಂದವರು ಚಹಾ ಕುಡಿದು ಹೊರಟುಹೋಗುತ್ತಾರೆ. ನೀವು ಆಡಿದ ಮಾತು ಮಾತ್ರ ಅಲ್ಲಾಹನ ಬಳಿ ದಾಖಲಾಗಿರುತ್ತದೆ. ನಾಳೆ ಅದನ್ನು ತೂಗುವ ತಕ್ಕಡಿಯಲ್ಲಿ ನಮ್ಮವರು, ಪರರು ಎಂಬ ಭೇದವಿರುವುದಿಲ್ಲ.